ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ: ಪದವಿ ತರಗತಿಯ ಭೂಗೋಳಕ್ಕೆ ಯಾವ ಜಿಐಎಸ್ ಆರಿಸಬೇಕು?

ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 33 ಅಡಿಯ ಚೌಕ. ಅದು 101 ಚದರ ಮೀಟರ್ ಚಿಲ್ಲರೆ. ಎರಡೂ ಹೆಚ್ಚುಕಡಿಮೆ ಒಂದೇ.

ವಿಜಯಪುರದ ಬಿ.ಎ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಹಂಗಾದ್ರ ನಮ್ಮ ಎರಡೆಕರೆ ಹೊಲದಾಗ 80 ಪಿಕ್ಸೆಲ್ ಬರ್ತಾವ್ರಿ ಸರ್" ಅಂದ. ಅದಕ್ಕೂ ಮೊದಲು ಮೂರು ವಾರ ನಾನು ಸ್ಪೇಶಿಯಲ್ ರೆಸಲ್ಯೂಶನ್‌ನ, ಅಂದರೆ ಒಂದು ಪಿಕ್ಸೆಲ್ ನೆಲದ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದರ, ವ್ಯಾಖ್ಯೆ ಬರೆಸಿದ್ದೆ. ಎಲ್ಲರೂ ಬರೆದುಕೊಂಡಿದ್ದರು, ಯಾರಿಗೂ ಮುಟ್ಟಿರಲಿಲ್ಲ. ಗುಂಟೆ ಅಂದ ಕೂಡಲೇ ಮುಟ್ಟಿತು.

ಕಾಲೇಜು ಶುರುವಾಗುವ ಹೊತ್ತಿಗೆ ಈ ಭಾಗದ ಭೂಗೋಳ ಅಧ್ಯಾಪಕರು ಒಬ್ಬರಲ್ಲ ಒಬ್ಬರು ಕೇಳುತ್ತಾರೆ: ಜಿಐಎಸ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ನಕಾಶೆ ಮಾಡಿ ಲೆಕ್ಕ ಹಾಕುವ ಕೆಲಸಕ್ಕೆ, ಲ್ಯಾಬಿಗೆ ಏನು ಹಾಕಿಸೋಣ? ಕ್ಯೂಜಿಐಎಸ್ ಸಾಕಾ, ಆರ್ಕ್‌ಜಿಐಎಸ್ ಬೇಕಾ? ಗೂಗಲ್ ಅರ್ಥ್‌ನಲ್ಲೇ ಮುಗಿಸಬಹುದಾ? ಸರ್ವೇ ಆಫ್ ಇಂಡಿಯಾದ ಕಾಗದದ ನಕಾಶೆ ಟೋಪೋಶೀಟ್ ಇನ್ನೂ ಕಲಿಸಬೇಕಾ? ನಾನು ಇವನ್ನೆಲ್ಲ ಎರಡು ಪ್ರಶ್ನೆ ಇಟ್ಟುಕೊಂಡು ಹೋಲಿಸುತ್ತೇನೆ. ವಿದ್ಯಾರ್ಥಿ ತನ್ನ ಊರಿನ ಬಗ್ಗೆ ಕೇಳುವ ಪ್ರಶ್ನೆಗೆ ಈ ಸಾಧನ ಉತ್ತರ ಕೊಡುತ್ತದಾ? ಪದವಿ ಮುಗಿಸಿ ಮನೆಗೆ ಹೋದ ಮೇಲೂ ಅದು ಅವರ ಕೈಯಲ್ಲಿ ಉಳಿಯುತ್ತದಾ?

ಮೊದಲು ಲ್ಯಾಬ್ ನೋಡಿ

ಸಾಫ್ಟ್‌ವೇರ್ ಹೆಸರು ಎತ್ತುವ ಮೊದಲು ಹೋಗಿ ಕಂಪ್ಯೂಟರ್ ಎಣಿಸಿ. ಎಷ್ಟು ಚಾಲೂ ಇವೆ? ರ‍್ಯಾಮ್ 4 ಜಿಬಿಯಾ, 8 ಜಿಬಿಯಾ? ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಇಡೀ ಬ್ಯಾಚು ಒಟ್ಟಿಗೆ ಕುಳಿತರೆ ನೆಟ್ ಓಡುತ್ತದಾ? ಈ ನಾಲ್ಕು ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದಂತೆಯೇ.

ಕಾಗದದ ಟೋಪೋಶೀಟ್

ಟೋಪೋಶೀಟಿನ ಕಾಲ ಮುಗಿಯಿತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸರ್ವೇ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಅದನ್ನು ಸ್ಕೇಲಿನಿಂದ ಅಳೆದ ಹುಡುಗಿಗೆ ಮುಂದೆ ಪರದೆಯ ಮೇಲೆ ಜೂಮ್ ಮಾಡುವಾಗ ತಾನೆಷ್ಟು ಹತ್ತಿರ ಹೋದೆ ಅನ್ನೋ ಅಂದಾಜು ಇರುತ್ತದೆ. ನೇರವಾಗಿ ಪರದೆಯಿಂದ ಶುರು ಮಾಡಿದವರಿಗೆ ಆ ಅಂದಾಜು ಬರುವುದು ಬಹಳ ತಡ.

ಹಾಳೆಯ ನಂಬರೇ ಒಂದು ಪಾಠ. ವಿಜಯಪುರ ಮತ್ತು ಬಾಗಲಕೋಟೆ ಎರಡೂ 47ಪಿ ಅನ್ನುವ ಒಂದೇ ಡಿಗ್ರಿ ಹಾಳೆಯಲ್ಲಿ (ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ಹಾಳೆ) ಬರುತ್ತವೆ. ಅದರೊಳಗೆ ವಿಜಯಪುರ 47ಪಿ/9, ಬಾಗಲಕೋಟೆ 47ಪಿ/12. ಬೆಳಗಾವಿ 48ಐ. ಬಾದಾಮಿ 48ಎಂ. ಬಾಗಲಕೋಟೆಯಿಂದ ಬಾದಾಮಿ ಎಷ್ಟು ದೂರ? ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮತ್ತೆ ನಂಬರ್ ಯಾಕೆ 47ರಿಂದ 48ಕ್ಕೆ ಹೋಯಿತು? ನಡುವೆ 16 ಡಿಗ್ರಿ ಉತ್ತರ ಅಕ್ಷಾಂಶ ಹಾಯ್ದು ಹೋಗುತ್ತದೆ. ಈ ಪ್ರಶ್ನೆಯನ್ನು ಹುಡುಗರೇ ಬಿಡಿಸಲಿ. ಅಕ್ಷಾಂಶ ರೇಖಾಂಶದ ಪಾಠ ಅವರು ಮತ್ತೆ ಮರೆಯುವುದಿಲ್ಲ.

ಆಮೇಲೆ ಟ್ರೇಸಿಂಗ್ ಪೇಪರ್ ಕೊಡಿ. ಒಂದರಲ್ಲಿ ಹಳ್ಳ ಮತ್ತು ಹೊಳೆ, ಇನ್ನೊಂದರಲ್ಲಿ ರಸ್ತೆ, ಮತ್ತೊಂದರಲ್ಲಿ ಊರುಗಳು. ಮೂರನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಲಿ. ಜಿಐಎಸ್‌ನ ಲೇಯರ್ ಅಂದರೆ ಇಷ್ಟೇ. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಕಂಪ್ಯೂಟರಿಗೆ ಒಪ್ಪಿಸಿದ ಕೆಲಸ ಇದೇ ಜಾತಿಯದು. ಆ ದೇಶದ ಜಮೀನಿನ ನಕಾಶೆಗಳನ್ನು ಒಂದರ ಮೇಲೊಂದು ಇಟ್ಟು ನೋಡಲು ಕೈಗೆ ಸಾಧ್ಯವಾಗದಷ್ಟು ಹಾಳೆಗಳಿದ್ದವು.

ಒಂದು ಎಚ್ಚರಿಕೆ. ಈಗ ಹಾಳೆಗಳ ಪಿಡಿಎಫ್ ಸರ್ವೇ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದನ್ನು ಎ3 ಕಾಗದಕ್ಕೆ ಹೊಂದಿಸಿ ಪ್ರಿಂಟ್ ತೆಗೆದರೆ 1:50,000 ಅನ್ನುವ ಬರಹ ಸುಳ್ಳಾಗುತ್ತದೆ. ಕೆಳಗಿನ ಗೆರೆಯ ಮಾಪಕ ಮಾತ್ರ ನಕಾಶೆಯ ಜೊತೆಗೇ ಕುಗ್ಗಿ ನಿಜವಾಗಿ ಉಳಿಯುತ್ತದೆ. ಬೇಕಂತಲೇ ಎರಡು ಅಳತೆಯ ಪ್ರಿಂಟ್ ಕೊಟ್ಟು, ಯಾವ ಮಾಪಕ ನಂಬಬೇಕು ಅಂತ ಕೇಳಿ ನೋಡಿ.

ಟೋಪೋಶೀಟಿನ ಮಿತಿಯೂ ಸ್ಪಷ್ಟ. ಕ್ಷೇತ್ರಫಲ ಲೆಕ್ಕ ಹಾಕಲು ಗ್ರಾಫ್ ಚೌಕ ಎಣಿಸುತ್ತ ಕೂರಬೇಕು. ನೆಲ ಬದಲಾದದ್ದು ಹಾಳೆಗೆ ಗೊತ್ತಿರುವುದಿಲ್ಲ. ನಾಲ್ಕು ವಾರಕ್ಕಿಂತ ಜಾಸ್ತಿ ಇದರಲ್ಲೇ ಉಳಿಯಬೇಡಿ.

ಗೂಗಲ್ ಅರ್ಥ್ ಪ್ರೊ

2015ರಿಂದ ಇದು ಪೂರ್ತಿ ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ನೆಟ್ ಮಾತ್ರ ಬೇಕು. ಹಳೆಯ ವರ್ಷದ ಚಿತ್ರಗಳಿಗೆ ಹಿಂದೆ ಹೋಗುವ ಗಡಿಯಾರದ ಗುಂಡಿ ಒತ್ತಿದಾಗ ತರಗತಿ ಸುಮ್ನಾಗುತ್ತದೆ. ಎಲ್ಲರೂ ಮೊದಲು ಹುಡುಕುವುದು ತಮ್ಮ ಮನೆ. ಹುಡುಕಲಿ, ಒಂದು ಪಿರಿಯಡ್ ಅದಕ್ಕೇ ಬಿಡಿ.

ನಂತರ ಡೋಣಿ ನದಿಯ ದಾರಿ ಗೆರೆ ಎಳೆಸಿ. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಅಂತ ಅಜ್ಜಿಯಿಂದ ಕೇಳಿದ ಮಕ್ಕಳಿಗೆ ಆ ಹೊಳೆ ಎಷ್ಟು ಸುತ್ತಿ ಸುತ್ತಿ ಹರಿಯುತ್ತದೆ ಅನ್ನುವುದು ಮೇಲಿನಿಂದ ನೋಡಿದಾಗಲೇ ತಿಳಿಯುವುದು. ಬೆಳಗಾವಿ ಕಡೆಯವರಾದರೆ ಗೋಕಾಕ ಫಾಲ್ಸ್ ಹತ್ತಿರ ಘಟಪ್ರಭೆಯ ಎತ್ತರದ ನೋಟ ತೆಗೆಸಿ. ಅಲ್ಲಿ ನೀರು ಒಂದೇ ಸಲಕ್ಕೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ. ಪರದೆಯ ಗೆರೆಯಲ್ಲಿ ಅದು ಗೋಡೆಯಂತೆ ಕಾಣದೆ ಇಳಿಜಾರಿನಂತೆ ಕಾಣುತ್ತದೆ. ಯಾಕೆ? ಎತ್ತರದ ಮಾಹಿತಿ ದೊಡ್ಡ ದೊಡ್ಡ ಚೌಕಗಳಲ್ಲಿ ಇದೆ, ಕಡಿದಾದ ಅಂಚು ಆ ಚೌಕಗಳಲ್ಲಿ ಕರಗಿಹೋಗಿದೆ. ಸಾಧನ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ತೋರಿಸುವ ಇಂಥ ಜಾಗಗಳನ್ನು ಹುಡುಕಿ ಇಟ್ಟುಕೊಳ್ಳಿ.

ಆದರೆ ಗೂಗಲ್ ಅರ್ಥ್ ತೋರಿಸುವುದೇ ಹೆಚ್ಚು. ಎರಡು ಲೇಯರ್ ಕತ್ತರಿಸಿ ಮೂರನೆಯದು ಮಾಡು ಅಂದರೆ ಅದರಿಂದ ಆಗುವುದಿಲ್ಲ. ಎರಡು ವಾರ ಸಾಕು.

ಕ್ಯೂಜಿಐಎಸ್

ನನ್ನ ಆಯ್ಕೆ ಇದು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದ ಮುಕ್ತ ಸಾಫ್ಟ್‌ವೇರ್ ಇದು. ದುಡ್ಡಿಲ್ಲ, ಲೈಸೆನ್ಸ್ ಗೋಳಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಮ್ಮೆ ಪೆನ್‌ಡ್ರೈವಿಗೆ ಇನ್‌ಸ್ಟಾಲರ್ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ. ಇಂಡಿ ಕಡೆಯ ಹುಡುಗಿ ತನ್ನ ಅಣ್ಣನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಂಡು ರಜೆಯಲ್ಲಿ ತನ್ನೂರಿನ ಬಾವಿಗಳನ್ನೆಲ್ಲ ಗುರುತು ಮಾಡಿ ತಂದಳು. ಯಾರೂ ಹೇಳಿರಲಿಲ್ಲ. ಸಾಧನ ಮನೆಗೆ ಹೋದರೆ ಹೀಗೆಲ್ಲ ಆಗುತ್ತದೆ.

ಕಷ್ಟಗಳೂ ಇವೆ. ಮೊದಲನೆಯದು ಶೇಪ್‌ಫೈಲ್, ಅಂದರೆ ನಕಾಶೆಯ ಲೇಯರ್ ಉಳಿಸುವ ಹಳೆಯ ಬಗೆಯ ಫೈಲ್. ಹೆಸರು ಒಂದೇ ಫೈಲಿನಂತೆ ಕೇಳಿಸುತ್ತದೆ, ಆದರೆ ಕನಿಷ್ಠ ಮೂರು ಫೈಲ್ ಜೊತೆಗಿರಬೇಕು. ಹುಡುಗರು ಒಂದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುತ್ತಾರೆ, ಮರುದಿನ ತೆರೆಯುವುದಿಲ್ಲ. ನಾನೀಗ ಮೊದಲ ದಿನದಿಂದ ಜಿಯೋಪ್ಯಾಕೇಜ್ ಬಳಸಲು ಹೇಳುತ್ತೇನೆ. ಎಲ್ಲ ಲೇಯರ್ ಒಂದೇ ಫೈಲಿನಲ್ಲಿ ಕೂರುತ್ತವೆ.

ಎರಡನೆಯದು ನಮ್ಮ ಕನ್ನಡ. ಊರಿನ ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಎಕ್ಸೆಲ್‌ನಿಂದ ತಂದರೆ ಕಾಲಂ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ಬದಲಿಸಬೇಕು. ಯೂನಿಕೋಡ್ ಇದ್ದರೂ ಸಿಎಸ್‌ವಿ ಉಳಿಸುವಾಗ ಯುಟಿಎಫ್-8 ಆರಿಸಬೇಕು. ಶೇಪ್‌ಫೈಲಿನ ಕಾಲಂ ಹೆಸರಿಗೆ 10 ಬೈಟ್ ಜಾಗ ಮಾತ್ರ. ಕನ್ನಡದ ಒಂದು ಅಕ್ಷರಕ್ಕೇ 3 ಬೈಟ್ ಬೇಕು, ಒತ್ತು ಮತ್ತು ಸ್ವರಚಿಹ್ನೆಗೆ ಬೇರೆ. 'ಜನಸಂಖ್ಯೆ' ಅನ್ನೋ ಪದ ಅದರಲ್ಲಿ ಹಿಡಿಯುವುದೇ ಇಲ್ಲ. ಇದಕ್ಕೂ ಜಿಯೋಪ್ಯಾಕೇಜೇ ಮದ್ದು. ಇಷ್ಟು ತಾಪತ್ರಯ ಪಟ್ಟು ಕನ್ನಡ ಯಾಕೆ ಅಂತ ಕೇಳುವವರಿದ್ದಾರೆ. ತಾಳಿಕೋಟೆ, ಮುದ್ದೇಬಿಹಾಳ, ಕೂಡಲಸಂಗಮ ಅಂತ ಕನ್ನಡದಲ್ಲೇ ಬರೆದ ನಕಾಶೆಯನ್ನು ಒಬ್ಬ ವಿದ್ಯಾರ್ಥಿ ತನ್ನ ಅಪ್ಪನಿಗೆ ತೋರಿಸಬಹುದು. ನನಗೆ ಆ ಕಾರಣ ಸಾಕು.

ಮೂರನೆಯದು ಪ್ರೊಜೆಕ್ಷನ್, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ನಕಾಶೆಗೆ ಇಳಿಸುವ ಲೆಕ್ಕ. ಇದರಲ್ಲಿ ಎಲ್ಲರೂ ಎಡವುತ್ತಾರೆ. ಡೋಣಿಯಿಂದ 500 ಮೀಟರ್ ಒಳಗೆ ಯಾವ ಊರುಗಳಿವೆ ಅಂತ ನೋಡಲು ಬಫರ್, ಅಂದರೆ ನದಿಯ ಸುತ್ತ ಅಷ್ಟು ದೂರದ ಪಟ್ಟಿ, ಹಾಕಲು ಹೇಳಿ. ಲೇಯರ್ ಡಿಗ್ರಿಯಲ್ಲಿದ್ದರೆ ಸಾಫ್ಟ್‌ವೇರು 500 ಅನ್ನು ಡಿಗ್ರಿ ಅಂತಲೇ ತಿಳಿಯುತ್ತದೆ. ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಪರದೆಯಲ್ಲಿ ಭೂಮಿಯನ್ನೇ ನುಂಗುವ ವೃತ್ತ ಬರುತ್ತದೆ. ಆ ತಪ್ಪು ಆಗಲು ಬಿಡಿ. ಆಮೇಲೆ ಯುಟಿಎಂ ವಲಯ ವಿವರಿಸಿ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ ಅದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳು 43ನೇ ಉತ್ತರ ವಲಯದಲ್ಲಿವೆ. ಸಾಫ್ಟ್‌ವೇರಿನಲ್ಲಿ ಅದನ್ನು ಆರಿಸಲು ಬಳಸುವ ಇಪಿಎಸ್‌ಜಿ ಸಂಖ್ಯೆ 32643. ಲ್ಯಾಬಿನ ಗೋಡೆಗೆ ಈ ಒಂದು ನಂಬರ್ ಬರೆದು ಅಂಟಿಸಿ.

ಇನ್ನೊಂದು ಸಣ್ಣ ಮಾತು: ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆವೃತ್ತಿ ಇರಲಿ, ಅದೂ ದೀರ್ಘಾವಧಿ ಬೆಂಬಲದ ಆವೃತ್ತಿ. ಇಲ್ಲವಾದರೆ ಗುಂಡಿಗಳ ಜಾಗವೇ ಬೇರೆ ಬೇರೆಯಾಗಿ ಅರ್ಧ ಪಿರಿಯಡ್ ಅದರಲ್ಲೇ ಹೋಗುತ್ತದೆ.

ಆರ್ಕ್‌ಜಿಐಎಸ್

1969ರಲ್ಲಿ ಜ್ಯಾಕ್ ಮತ್ತು ಲಾರಾ ಡೇಂಜರ್ಮಂಡ್ ದಂಪತಿ ಶುರು ಮಾಡಿದ ಎಸ್ರಿ ಕಂಪನಿಯ ಸಾಫ್ಟ್‌ವೇರ್. ಒಳ್ಳೆಯದು ಅನ್ನುವುದರಲ್ಲಿ ಎರಡು ಮಾತಿಲ್ಲ. ನಕಾಶೆ ಅಂದವಾಗಿ ಬರುತ್ತದೆ. ಸಹಾಯದ ಪುಟಗಳು ಅಚ್ಚುಕಟ್ಟು. ದೊಡ್ಡ ಕಂಪನಿಗಳಲ್ಲಿ ಬಳಕೆ ಜಾಸ್ತಿ. ಬೆಂಗಳೂರು, ಹೈದರಾಬಾದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಹೆಸರು ನೆರವಾಗುತ್ತದೆ.

ಆದರೆ ಈಗಿನ ಆರ್ಕ್‌ಜಿಐಎಸ್ ಪ್ರೊ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. 8 ಜಿಬಿ ರ‍್ಯಾಮ್ ಇಲ್ಲದೆ ಏಳುವುದಿಲ್ಲ, 16 ಇದ್ದರೆ ಆರಾಮ. ನಮ್ಮ ಹಳೆಯ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಇರುವುದು ಆರ್ಕ್‌ಮ್ಯಾಪ್. ಅದಕ್ಕೆ ಕಂಪನಿ ಬೆಂಬಲ ಇಟ್ಟದ್ದು 2026ರ ಮಾರ್ಚ್‌ವರೆಗೆ ಮಾತ್ರ. ಆ ಪುಸ್ತಕ ನೋಡಿ ಹೊಸ ಲ್ಯಾಬ್ ಕಟ್ಟಬೇಡಿ.

ದೊಡ್ಡ ಚಿಂತೆ ಲೈಸೆನ್ಸಿನದು. ನಾನು ಹಿಂದೆ ಕಲಿಸುತ್ತಿದ್ದ ಒಂದು ಕಾಲೇಜಿನಲ್ಲಿ ಒಂದು ವರ್ಷದ ಲೈಸೆನ್ಸ್ ಪಡೆದಿದ್ದರು. ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ವಾರ ಇರುವಾಗ ಅದು ಮುಗಿಯಿತು. ನವೀಕರಣದ ಕಡತ ಎಲ್ಲೋ ನಿಂತಿತ್ತು. ಬೆಳಿಗ್ಗೆ ಬಂದ ಮಕ್ಕಳ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಪುಣ್ಯಕ್ಕೆ ಮೂಲ ಲೇಯರ್‌ಗಳು ಶೇಪ್‌ಫೈಲಿನಲ್ಲಿ ಇದ್ದವು. ನಾಲ್ಕು ದಿನ ಸಂಜೆವರೆಗೆ ಕುಳಿತು ಕ್ಯೂಜಿಐಎಸ್‌ನಲ್ಲಿ ಎಲ್ಲ ನಕಾಶೆ ಮತ್ತೆ ಮಾಡಿದೆವು. ಆ ಹುಡುಗಿಯರ ಮುಖ ಇನ್ನೂ ನೆನಪಿದೆ. ಮೂರು ವರ್ಷದ ಲೈಸೆನ್ಸ್ ಖಚಿತ ಅಂತ ಕಾಗದದಲ್ಲಿ ಬಂದರೆ ಮಾತ್ರ ಇದನ್ನು ಆರಿಸಿ ಅಂತ ನಾನು ಹೇಳುವುದು ಅದಕ್ಕೇ.

ಕೆಲಸದ ಚಿಂತೆ ಮಾಡುವವರಿಗೆ ಒಂದು ಮಾತು. ಪ್ರೊಜೆಕ್ಷನ್, ಜಿಯೋರೆಫರೆನ್ಸಿಂಗ್ (ಸ್ಕ್ಯಾನ್ ಮಾಡಿದ ನಕಾಶೆಯನ್ನು ಅಕ್ಷಾಂಶ ರೇಖಾಂಶಕ್ಕೆ ಹೊಂದಿಸುವುದು), ಡಿಜಿಟೈಸಿಂಗ್ (ಅದರ ಮೇಲೆ ಗೆರೆ ಎಳೆದು ಲೇಯರ್ ಮಾಡುವುದು), ಟೋಪಾಲಜಿ (ಗೆರೆಗಳು ಸರಿಯಾಗಿ ಕೂಡಿವೆಯಾ ಅನ್ನುವುದು) ಚೆನ್ನಾಗಿ ಗೊತ್ತಿದ್ದವರಿಗೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಕೆಲವು ವಾರದ ಕೆಲಸ.

ಅರ್ಥ್ ಎಂಜಿನ್, ಭುವನ್, ದಿಶಾಂಕ್

ಗೂಗಲ್ ಅರ್ಥ್ ಎಂಜಿನ್ ಬೇರೆಯೇ ಜಾತಿ. ಲೆಕ್ಕವೆಲ್ಲ ಗೂಗಲ್‌ನ ಸರ್ವರಿನಲ್ಲಿ ನಡೆಯುತ್ತದೆ, ನಿಮ್ಮ ಕಂಪ್ಯೂಟರ್ ಬಡವಾಗಿದ್ದರೂ ಪರವಾಗಿಲ್ಲ. ಕಲಿಕೆಗೆ ಉಚಿತ, ಆದರೆ ನೋಂದಣಿ ಬೇಕು, ನೆಟ್ ಗಟ್ಟಿ ಇರಬೇಕು. ಕೋಡ್ ಬರೆಯಬೇಕು ಅಂದಾಗ ಬಿ.ಎ. ಮಕ್ಕಳು ಹೆದರುತ್ತಾರೆ. ಹತ್ತು ಸಾಲಿನ ಕೋಡ್ ನೀವೇ ಕೊಡಿ. ವರ್ಷ ಮತ್ತು ಊರಿನ ಅಕ್ಷಾಂಶ ರೇಖಾಂಶ ಮಾತ್ರ ಅವರು ಬದಲಿಸಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೂ ನೀರು ಬಂದಿತ್ತು. ಆ ದಿನಗಳ ಸಾಮಾನ್ಯ ಚಿತ್ರ ತೆರೆದರೆ ಬರೀ ಮೋಡ. ಸೆಂಟಿನೆಲ್-1ರ ರೇಡಾರ್ ಚಿತ್ರ ತೆರೆದರೆ ಮೋಡ ದಾಟಿ ನೀರು ಕಪ್ಪಗೆ ಕಾಣುತ್ತದೆ. ರೇಡಾರ್ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕೊನೆಯ ಸೆಮಿಸ್ಟರಿಗೆ ಇದು ಒಳ್ಳೆಯದು, ಮೊದಲನೆಯದಕ್ಕೆ ಬೇಡ.

ಇಸ್ರೋದ ನಕಾಶೆ ಪೋರ್ಟಲ್ ಭುವನ್ 2009ರಿಂದ ಇದೆ. ಅಲ್ಲಿ ಸಿಗುವ ಲಿಸ್-3 ಚಿತ್ರದ ಪಿಕ್ಸೆಲ್ 23.5 ಮೀಟರ್, ಅಂದರೆ ಐದೂವರೆ ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು 30 ಮೀಟರ್, ಸುಮಾರು ಒಂಬತ್ತು ಗುಂಟೆ. ಎರಡೆಕರೆ ಹೊಲದ ದಾಳಿಂಬೆ ನೋಡಬೇಕಾದರೆ ಯಾವ ಚಿತ್ರ ಬೇಕು ಅಂತ ಹುಡುಗರೇ ಆಗ ಹೇಳುತ್ತಾರೆ.

ದಿಶಾಂಕ್ ಆ್ಯಪ್ ಎಷ್ಟೋ ಮನೆಗಳ ಮೊಬೈಲಿನಲ್ಲಿ ಈಗಾಗಲೇ ಇದೆ. ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ. ಉತಾರ ಓದಲು ಬರುವ ರೈತರ ಮಕ್ಕಳಿಗೆ ನಕಾಶೆ ಮತ್ತು ಕೋಷ್ಟಕದ ನಂಟು ಇದರಿಂದ ಹೇಳಿಕೊಡುವುದು ಸುಲಭ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿ: ಮೊಬೈಲಿನ ಜಿಪಿಎಸ್ ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ಅದು ಗುಂಟೆಯ ಒಂದು ಬದಿಯ ಅರ್ಧದಷ್ಟು. ಬದುವಿನ ಜಗಳಕ್ಕೆ ಈ ಪರದೆ ಸಾಕ್ಷಿ ಆಗಬಾರದು.

ಎಲ್ಲವನ್ನೂ ಒಂದೇ ಜಾಗದಲ್ಲಿ ಇಟ್ಟು ನೋಡುವುದು: ಆಲಮಟ್ಟಿ

ಹೋಲಿಕೆಗೆ ಈ ಭಾಗದಲ್ಲಿ ಆಲಮಟ್ಟಿಗಿಂತ ಒಳ್ಳೆಯ ಜಾಗ ಇಲ್ಲ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಟೋಪೋಶೀಟಿನಲ್ಲಿ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಸಾಮಾನ್ಯವಾಗಿ 20 ಮೀಟರ್ ಅಂತರದಲ್ಲಿ ಇರುತ್ತವೆ. ಹಾಗಾಗಿ 520ರ ಗೆರೆ ಹಾಳೆಯಲ್ಲಿ ಸಿದ್ಧವಾಗಿಯೇ ಇದೆ. ಅಣೆಕಟ್ಟಿಗೆ ಮೊದಲು ಸರ್ವೇ ಆದ ಹಾಳೆ ನಿಮ್ಮ ವಿಭಾಗದ ಕಪಾಟಿನಲ್ಲಿ ಇದ್ದರೆ ಬಂಗಾರದಂತೆ ಕಾಪಾಡಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು 520ರ ಗೆರೆಯ ಕೆಳಗಿನದನ್ನೆಲ್ಲ ನೀಲಿ ಪೆನ್ಸಿಲಿನಿಂದ ತುಂಬಿಸಿ. ಘಟಪ್ರಭೆಯ ಗುಂಟ ನೀಲಿ ಹತ್ತಿಕೊಂಡು ಬಂದು ಹಳೆಯ ಬಾಗಲಕೋಟೆಗೆ ಮುಟ್ಟುತ್ತದೆ. ಮುಳುಗಡೆಯಾದವರಿಗೆ ಕಟ್ಟಿದ ನವನಗರದಲ್ಲಿ ಬೆಳೆದ ಮಕ್ಕಳಿಗೆ ತಮ್ಮ ಅಜ್ಜನ ಮನೆ ಯಾಕೆ ಅಲ್ಲಿಲ್ಲ ಅನ್ನುವುದು ಪೆನ್ಸಿಲಿನ ತುದಿಯಲ್ಲೇ ಕಾಣುತ್ತದೆ. ಒಮ್ಮೆ ಒಬ್ಬಳು ಬಣ್ಣ ತುಂಬುವುದನ್ನು ನಿಲ್ಲಿಸಿ ಸುಮ್ನೆ ಕುಳಿತುಬಿಟ್ಟಳು.

ಇದನ್ನೇ ಕ್ಯೂಜಿಐಎಸ್‌ನಲ್ಲಿ ಮಾಡಿದರೆ ಮುಳುಗಿದ ಜಾಗದ ಕ್ಷೇತ್ರಫಲ ಸಿಗುತ್ತದೆ. ಅರ್ಥ್ ಎಂಜಿನ್‌ನಲ್ಲಿ 1990ರ ಲ್ಯಾಂಡ್‌ಸ್ಯಾಟ್ ಚಿತ್ರ ಮತ್ತು ಈಗಿನದು ಪಕ್ಕಪಕ್ಕ ಬರುತ್ತವೆ. ತೆಳ್ಳಗಿನ ಕೃಷ್ಣೆ ಕೆರೆಯಾಗಿ ಹರಡಿಕೊಂಡಿರುತ್ತಾಳೆ. ತಿಂಗಳು ಮಾತ್ರ ಒಂದೇ ಇರಲಿ. ಒಂದು ವರ್ಷದ ಮೇ, ಇನ್ನೊಂದರ ಅಕ್ಟೋಬರ್ ಇಟ್ಟು ಹೋಲಿಸಿದರೆ ಸಿಗುವುದು ಮಳೆ ಬೇಸಿಗೆಯ ಫರಕು. ನವೆಂಬರ್ ಒಳ್ಳೆಯದು, ಮೋಡ ಕಡಿಮೆ, ನೀರು ಇನ್ನೂ ತುಂಬಿರುತ್ತದೆ.

ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಮಟ್ಟ 524.256ಕ್ಕೆ ಏರಿಸಿದರೆ ನಮ್ಮ ಊರು ಮುಳುಗುತ್ತದಾ ಸರ್? ಏರಿಕೆ ನಾಲ್ಕೂವರೆ ಮೀಟರ್ ಚಿಲ್ಲರೆ. ಟೋಪೋಶೀಟಿನಲ್ಲಿ 520ರ ನಂತರದ ಗೆರೆ 540. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯಲ್ಲಿ ಕೆಲವು ಮೀಟರ್ ತಪ್ಪು ಸಹಜ. ಅಂದರೆ ತಪ್ಪಿನ ಅಳತೆಯೇ ಏರಿಕೆಯ ಅಳತೆಗೆ ಸಮ. ಸಾಫ್ಟ್‌ವೇರು ಒಂದು ಗೆರೆಯನ್ನೇನೋ ಎಳೆದು ಕೊಡುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ. ಆ ಗೆರೆ ನೋಡಿ ಒಬ್ಬ ವಿದ್ಯಾರ್ಥಿ ಮನೆಗೆ ಹೋಗಿ "ನಮ್ಮ ಮನೆ ಮುಳುಗುವುದಿಲ್ಲ" ಅಂದರೆ ಅದು ನಮ್ಮ ತಪ್ಪು. ನೆಲದ ಮೇಲೆ ಲೆವೆಲಿಂಗ್, ಅಂದರೆ ಉಪಕರಣ ಇಟ್ಟು ಎತ್ತರದ ಅಳತೆ, ಮಾಡದೆ ಇದಕ್ಕೆ ಉತ್ತರ ಇಲ್ಲ ಅಂತ ಅದೇ ತರಗತಿಯಲ್ಲಿ ಹೇಳಿ. ಯಾವ ಸಾಧನ ಆರಿಸಿದರೂ ಈ ಒಂದು ಪಿರಿಯಡ್ ಬಿಡಬೇಡಿ.

ಹಾಗಾದರೆ ಏನು ಆರಿಸಲಿ?

ಕಂಪ್ಯೂಟರ್ 10ಕ್ಕಿಂತ ಕಡಿಮೆ, ನೆಟ್ ಇಲ್ಲ: ಟೋಪೋಶೀಟ್ ಮತ್ತು ಕ್ಯೂಜಿಐಎಸ್. ಇಬ್ಬಿಬ್ಬರು ಒಂದು ಯಂತ್ರಕ್ಕೆ, ಬ್ಯಾಚ್ ಮಾಡಿ. ಲೇಯರ್‌ಗಳನ್ನು ಮನೆಯಿಂದಲೇ ಇಳಿಸಿಕೊಂಡು ಬನ್ನಿ.

ಯಂತ್ರ ಸಾಕಷ್ಟು, ನೆಟ್ ಸಾಧಾರಣ: ನಾಲ್ಕು ವಾರ ಟೋಪೋಶೀಟ್, ಎರಡು ವಾರ ಗೂಗಲ್ ಅರ್ಥ್, ಎಂಟು ವಾರ ಕ್ಯೂಜಿಐಎಸ್, ಉಳಿದ ಎರಡು ವಾರ ಅವರವರ ಊರಿನ ಪ್ರಾಜೆಕ್ಟ್. ಬಹುಪಾಲು ಕಾಲೇಜುಗಳಿಗೆ ಇದೇ ಸರಿ.

ನೆಟ್ ಗಟ್ಟಿ, ಕೊನೆಯ ಸೆಮಿಸ್ಟರ್: ಮೇಲಿನದರ ಜೊತೆ ಅರ್ಥ್ ಎಂಜಿನ್ ಸೇರಿಸಿ. ಲೈಸೆನ್ಸ್ ಮತ್ತು 16 ಜಿಬಿಯ ಯಂತ್ರ ಎರಡೂ ಇದ್ದರೆ ಆರ್ಕ್‌ಜಿಐಎಸ್ ಪ್ರೊ ಒಂದು ತಿಂಗಳು ಇರಲಿ, ಆದರೆ ಕ್ಯೂಜಿಐಎಸ್ ತೆಗೆದುಹಾಕಬೇಡಿ.

ನಿಮಗೇ ಇದೆಲ್ಲ ಹೊಸದಾದರೆ ಡೆಹ್ರಾಡೂನಿನ ಐಐಆರ್‌ಎಸ್ ಸಂಸ್ಥೆಯ ಆನ್‌ಲೈನ್ ಔಟ್‌ರೀಚ್ ಕೋರ್ಸುಗಳಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕ್ಯೂಜಿಐಎಸ್ ಪಾಠಗಳಿವೆ. ರಜೆಯಲ್ಲಿ ನೋಡಿಕೊಳ್ಳಿ. ಮೊದಲ ವಾರಕ್ಕೆ ಮಾತ್ರ ಅದ್ಯಾವುದೂ ಬೇಕಿಲ್ಲ. ನಿಮ್ಮ ಊರು ಇರುವ ಒಂದು ಹಾಳೆ, 40 ಟ್ರೇಸಿಂಗ್ ಪೇಪರ್, ಒಂದಿಷ್ಟು ನೀಲಿ ಪೆನ್ಸಿಲ್ ತರಿಸಿಡಿ.